ಸುಂಕ ಹಾಕುವ ಕೈ ಸುಂಕ ಕಟ್ಟಲೇಬೇಕು

ಚಿತ್ತಗಾಂಗ್ ಬಂದರಿನಲ್ಲಿ ವರ್ಷಕ್ಕೂ ಮೇಲ್ಪಟ್ಟು ದೂಳು ಹಿಡಿದು ನಿಂತಿದ್ದ ಕಾರುಗಳ ವಿಲೇವಾರಿಗೆ ಬಾಂಗ್ಲಾದೇಶದ ರಾಷ್ಟ್ರೀಯ ಕಂದಾಯ ಮಂಡಳಿ 2025ರ ನವೆಂಬರ್‌ನಲ್ಲಿ ಕೊನೆಗೂ ಒಂದು ದಾರಿ ಕಂಡುಕೊಂಡಿತು. ಇಂಥ 31 ಐಷಾರಾಮಿ ವಾಹನಗಳನ್ನು ಸರ್ಕಾರದ ಸಾರಿಗೆ ವಿಭಾಗಕ್ಕೆ ಒಪ್ಪಿಸಲು ಆದೇಶ ಹೊರಡಿಸಿತು. ಇವುಗಳನ್ನು ತರಿಸಿದ್ದವರು ಹಿಂದಿನ ಸಂಸತ್ತಿನ ಸದಸ್ಯರು. ತರಿಸಿದ್ದು ಸುಂಕ ವಿನಾಯಿತಿಯ ಹಕ್ಕಿನ ಮೇಲೆ. ಮಂಡಳಿ ಹಾಕಿದ ಲೆಕ್ಕದಂತೆ ಈ 31 ವಾಹನಗಳ ಮೇಲಿನ ತೆರಿಗೆ ಸುಮಾರು 270 ಕೋಟಿ ಟಾಕಾ. 2024ರ ಆಗಸ್ಟ್‌ನಲ್ಲಿ ಅಲ್ಲಿನ ಸರ್ಕಾರ ಉರುಳದೆ ಹೋಗಿದ್ದರೆ ಈ 270 ಕೋಟಿಯಲ್ಲಿ ಒಂದು ಟಾಕಾವೂ ಬೊಕ್ಕಸಕ್ಕೆ ಬರುತ್ತಿರಲಿಲ್ಲ. ಕಾರುಗಳು ಸದ್ದಿಲ್ಲದೆ ಗೇಟು ದಾಟಿ ಢಾಕಾ ಸೇರುತ್ತಿದ್ದವು. ಅದೇ ಸಂಸತ್ತಿನ ಕೆಲವರು ತಮ್ಮ ಕಾರುಗಳನ್ನು ಅದಕ್ಕೆ ಮೊದಲೇ ಬಿಡಿಸಿಕೊಂಡು ಹೋಗಿಯೂ ಆಗಿತ್ತು.

ಸಾರ್ವಜನಿಕ ಹುದ್ದೆಯಲ್ಲಿರುವವರಿಗೆ ವಿದೇಶಿ ವಾಹನದ ಮೇಲೆ ಕೊಡುವ ಈ ಸುಂಕ ಮಾಫಿ ಅನ್ಯಾಯ. ಇದನ್ನು ತಿದ್ದುವುದು, ಷರತ್ತು ಬಿಗಿ ಮಾಡುವುದು, ಕಷ್ಟಕಾಲದಲ್ಲಿ ಮಾತ್ರ ತಡೆಹಿಡಿಯುವುದು ಯಾವುದೂ ಪರಿಹಾರವಲ್ಲ. ಕಾನೂನಿನ ಪುಸ್ತಕದಿಂದ ಇದನ್ನು ಅಳಿಸಿಹಾಕಬೇಕು, ಇನ್ನೊಂದು ಹೆಸರಿನಲ್ಲಿ ಮರಳಿ ಬಾರದಂತೆ ನೋಡಿಕೊಳ್ಳಬೇಕು. ಇಷ್ಟು ಖಡಾಖಂಡಿತವಾಗಿ ಏಕೆ ಹೇಳಬೇಕಾಗಿದೆ ಎಂಬುದಕ್ಕೆ ಆ ದೇಶದ್ದೇ ಲೆಕ್ಕ ನೋಡಬೇಕು.

ಬಾಂಗ್ಲಾದೇಶದಲ್ಲಿ ದೊಡ್ಡ ಎಂಜಿನ್ನಿನ ಕಾರು ತರಿಸುವ ಸಾಮಾನ್ಯ ಪ್ರಜೆಗೆ ಈ ಕಾರುಗಳು ಬಂದ ಕಾಲದಲ್ಲಿ ತೆರಿಗೆ ಹೀಗೆ ಬೀಳುತ್ತಿತ್ತು. ಕಾರಿನ ಬೆಲೆ 100 ಟಾಕಾ ಎಂದಿಟ್ಟುಕೊಳ್ಳಿ. ಆಮದು ಸುಂಕ 25, ನಿಯಂತ್ರಣ ಸುಂಕ 3. ಬೆಲೆ 128 ಆಯಿತು. ಆ 128ರ ಮೇಲೆ ಶೇ 500ರಷ್ಟು ಪೂರಕ ಸುಂಕ, ಅಂದರೆ 640. ಈಗ 768. ಅದರ ಮೇಲೆ ಶೇ 15ರ ವ್ಯಾಟ್, ಶೇ 5ರ ಮುಂಗಡ ತೆರಿಗೆ. ಮೂಲ ಬೆಲೆಯ ಮೇಲೆ ಇನ್ನೂ ಶೇ 5ರ ಮುಂಗಡ ಆದಾಯ ತೆರಿಗೆ. ಎಲ್ಲ ಕೂಡಿದರೆ 100 ಟಾಕಾದ ಕಾರಿಗೆ 826 ಟಾಕಾ 60 ಪೈಸೆ ತೆರಿಗೆ. ಒಂದು ತೆರಿಗೆಯ ಮೇಲೆ ಮತ್ತೊಂದು ಕೂರುವ ಈ ಏಣಿಯನ್ನು ಕಟ್ಟಿದವರು ಯಾರು? ಪ್ರತಿ ವರ್ಷ ಬಜೆಟ್‌ಗೆ ಕೈಯೆತ್ತಿ ಒಪ್ಪಿಗೆ ಕೊಡುವ ಅದೇ ಸಂಸದರು. ದೇಶಕ್ಕೆ ವಿದೇಶಿ ವಿನಿಮಯದ ಕೊರತೆ ಇದೆ, ಐಷಾರಾಮಿ ಕಾರು ಬೇಡವೇ ಬೇಡ, ಬೇಕೆಂದವರು ಎಂಟು ಪಟ್ಟು ತೆರಿಗೆ ಕಟ್ಟಲಿ ಎಂದು ತೀರ್ಮಾನಿಸಿದವರೂ ಅವರೇ. ಆ ತೀರ್ಮಾನದಲ್ಲಿ ತಪ್ಪಿಲ್ಲ. ತಪ್ಪಿರುವುದು, ಅದೇ ತೀರ್ಮಾನ ತಮಗೆ ಅನ್ವಯಿಸುವುದಿಲ್ಲ ಎಂದು ಬರೆದುಕೊಂಡಿದ್ದರಲ್ಲಿ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ನಮ್ಮಲ್ಲಿ ಹಳೆಯದು. ಬಡವ ಗೋಳಾಡಿದರೂ ಸುಂಕದ ಕಟ್ಟೆಯಲ್ಲಿ ಕಾಸು ಕಡಿಮೆಯಾಗದು. ಚಿತ್ತಗಾಂಗ್‌ನ ಕಟ್ಟೆಯಲ್ಲಿ ಸಂಸದನಾದವನು ಗೋಳಾಡುವ ಅಗತ್ಯವೂ ಇರಲಿಲ್ಲ.

2024ರ ಆಗಸ್ಟ್ 5ರಂದು ಪ್ರಧಾನಿ ಶೇಖ್ ಹಸೀನಾ ದೇಶ ಬಿಟ್ಟು ಹೊರಟರು. ಮರುದಿನ ಸಂಸತ್ತು ವಿಸರ್ಜನೆಯಾಯಿತು. ಸದಸ್ಯತ್ವವೇ ಇಲ್ಲದ ಮೇಲೆ ವಿನಾಯಿತಿಯೂ ಇಲ್ಲ, ಎಲ್ಲರಂತೆ ಪೂರ್ತಿ ತೆರಿಗೆ ಕಟ್ಟಿ ಕಾರು ಒಯ್ಯಿರಿ ಎಂದು ಕಂದಾಯ ಮಂಡಳಿ ಹೇಳಿತು. ಒಂದು ಕಾರಿಗೆ ಕಟ್ಟಬೇಕಾದ ಮೊತ್ತ 8.6 ಕೋಟಿಯಿಂದ 9.4 ಕೋಟಿ ಟಾಕಾವರೆಗೆ. ಕಾರಿನ ಅಸಲು ಬೆಲೆ ಒಂದು ಕೋಟಿಯ ಆಸುಪಾಸು. ಆ 31 ಕಾರುಗಳನ್ನು ತೆರಿಗೆ ಕಟ್ಟಿ ಬಿಡಿಸಿಕೊಳ್ಳಲು ತರಿಸಿದವರು ಯಾರೂ ಬರಲಿಲ್ಲ. ಕೆಲವರು ತಲೆಮರೆಸಿಕೊಂಡಿದ್ದರು, ಕೆಲವರು ಜೈಲಿನಲ್ಲಿದ್ದರು ಎಂಬುದು ನಿಜ. ಆದರೆ ತೆರಿಗೆ ಸಮೇತ ಅದು ಯಾರೂ ಕೊಳ್ಳಲಾರದ ಕಾರು ಎಂಬುದು ಅದಕ್ಕಿಂತ ದೊಡ್ಡ ನಿಜ. 2025ರ ಫೆಬ್ರುವರಿಯಲ್ಲಿ 24 ಲ್ಯಾಂಡ್ ಕ್ರೂಸರ್‌ಗಳನ್ನು ಕಸ್ಟಮ್ಸ್ ಇಲಾಖೆ ಹರಾಜಿಗಿಟ್ಟಿತು. ನಿಗದಿಯಾದ ಬೆಲೆ ತಲಾ ಸುಮಾರು 9.67 ಕೋಟಿ. ಬಂದ ಬಿಡ್‌ಗಳನ್ನು ತೆರೆದು ನೋಡಿದರೆ ಅತಿ ಹೆಚ್ಚಿನ ಬಿಡ್ 3.10 ಕೋಟಿ. ಒಂದು ಲಕ್ಷ ಟಾಕಾ ಬರೆದು ಹಾಕಿದವರೂ ಇದ್ದರು. ಹಲವು ಕಾರುಗಳಿಗೆ ಒಂದು ಬಿಡ್ ಕೂಡ ಬರಲಿಲ್ಲ. ದೇಶದ ದೊಡ್ಡ ದೊಡ್ಡ ವ್ಯಾಪಾರಸ್ಥರೂ ಬೇಡವೆಂದು ಬಿಟ್ಟ ಕಾರನ್ನು ಜನಸೇವಕನೊಬ್ಬ ತನ್ನ ಕ್ಷೇತ್ರ ಸುತ್ತಲು ತರಿಸಿಕೊಂಡಿದ್ದ ಎಂದರೆ ಯಾರು ನಂಬಬೇಕು?

ಇದನ್ನು ಅನುಕೂಲ, ಸೌಲಭ್ಯ, ಗೌರವ ಎಂದೆಲ್ಲ ಕರೆಯುವುದು ಜನರ ಕಣ್ಣಿಗೆ ಮಣ್ಣೆರಚುವುದಕ್ಕೆ. ವಾಸ್ತವದಲ್ಲಿ ಇದು ನಗದು. ಬಾಂಗ್ಲಾದೇಶದ ಸಂಸದನ ಮೂಲ ವೇತನವನ್ನು 2016ರಲ್ಲಿ ತಿಂಗಳಿಗೆ 55,000 ಟಾಕಾಕ್ಕೆ ಏರಿಸಲಾಯಿತು. ಒಂದು ಕಾರಿನ ಮೇಲೆ ಮಾಫಿಯಾಗುವ ತೆರಿಗೆಯನ್ನು 8.7 ಕೋಟಿ ಎಂದು ಹಿಡಿದು ಆ ವೇತನದಿಂದ ಭಾಗಿಸಿದರೆ 130 ವರ್ಷಕ್ಕೂ ಹೆಚ್ಚಿನ ಸಂಬಳವಾಗುತ್ತದೆ. ಒಂದು ಸಹಿಗೆ, ಒಂದು ಬಾರಿಗೆ. ಇಷ್ಟು ದೊಡ್ಡ ಅಂತರ ಇರುವಲ್ಲಿ ಕಾರು ಸಂಸದನ ಮನೆ ಮುಂದೆಯೇ ನಿಲ್ಲುತ್ತದೆ ಎಂದುಕೊಳ್ಳುವುದು ಭ್ರಮೆ. ಹೆಸರು ಸಂಸದನದು, ದುಡ್ಡು ಉದ್ಯಮಿಯದು, ಓಡಿಸುವವನು ಉದ್ಯಮಿಯ ಮಗ. ಇಷ್ಟು ವರ್ಷ ಮಾರಕೂಡದು ಎಂಬ ಷರತ್ತು ಕಾಗದದ ಮೇಲಿದೆ. ಹಾಗಿದ್ದೂ ಮಾರಾಟ ನಡೆಯಿತು. ಸುಂಕವಿಲ್ಲದೆ ಹಮ್ಮರ್ ತರಿಸಿ ಮಾರಿದ ಪ್ರಕರಣದಲ್ಲಿ 2019ರ ಅಕ್ಟೋಬರ್‌ನಲ್ಲಿ ಢಾಕಾದ ನ್ಯಾಯಾಲಯವೊಂದು ಹಾಲಿ ಸಂಸದರೊಬ್ಬರಿಗೆ ಐದು ವರ್ಷ ಜೈಲು ವಿಧಿಸಿತು. ಆ ಕಾರು ಬಂದದ್ದು ಅದಕ್ಕೂ ಹತ್ತು ವರ್ಷಕ್ಕೂ ಹಿಂದೆ. ಸಿಕ್ಕಿಬಿದ್ದವರಿಗೇ ಶಿಕ್ಷೆಗೆ ಅಷ್ಟು ಕಾಲ ಹಿಡಿಯಿತೆಂದರೆ ಸಿಕ್ಕಿಬೀಳದವರ ಸಂಖ್ಯೆ ಎಷ್ಟಿರಬಹುದು ಎಂಬುದನ್ನು ಓದುಗರೇ ಊಹಿಸಲಿ.

ಸುಂಕ ಮಾಫಿಯ ಈ ಕಲಂ ಹುಟ್ಟಿದ ಕಾಲ ಗಮನಾರ್ಹ. ಸಂಸದರ ವೇತನ ಮತ್ತು ಭತ್ಯೆಗಳ 1973ರ ಆದೇಶದಲ್ಲಿ ಮೊದಲಿಗೆ ಇದು ಇರಲಿಲ್ಲ. ಸೇನಾಧಿಕಾರಿ ಎರ್ಷಾದ್ ಗದ್ದುಗೆಯಲ್ಲಿದ್ದ 1980ರ ದಶಕದ ಕೊನೆಯಲ್ಲಿ, ಜನರ ಒಪ್ಪಿಗೆಯಿಲ್ಲದ ಸಂಸತ್ತನ್ನು ತನ್ನ ಬೆನ್ನಿಗಿಟ್ಟುಕೊಳ್ಳಬೇಕಾಗಿದ್ದ ಹೊತ್ತಿನಲ್ಲಿ, ಸೇರಿಕೊಂಡಿತು. 1990ರ ಡಿಸೆಂಬರ್‌ನಲ್ಲಿ ಬೀದಿಗಿಳಿದ ಜನ ಎರ್ಷಾದ್‌ರನ್ನು ಇಳಿಸಿದರು. ಆನಂತರ ಅಧಿಕಾರಕ್ಕೆ ಬಂದ ಖಾಲಿದಾ ಜಿಯಾ, ಶೇಖ್ ಹಸೀನಾ ಇಬ್ಬರೂ ಎರ್ಷಾದ್ ವಿರುದ್ಧ ಹೋರಾಡಿ ಬಂದವರು. ಪರಸ್ಪರ ಮುಖ ನೋಡದಷ್ಟು ಹಗೆ ಅವರದಾಗಿತ್ತು. ಶಾಲೆಯ ಪಠ್ಯದಿಂದ ಹಿಡಿದು ವಿಮಾನ ನಿಲ್ದಾಣದ ಹೆಸರಿನವರೆಗೆ ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಅಳಿಸಿದರು. ಸರ್ವಾಧಿಕಾರಿ ಕೊಟ್ಟುಹೋದ ಕಾರಿನ ಕಲಂ ಮಾತ್ರ ಇಬ್ಬರ ಕಾಲದಲ್ಲೂ ಸುರಕ್ಷಿತವಾಗಿ ಉಳಿಯಿತು. 2007ರಲ್ಲಿ ಬಂದ ಉಸ್ತುವಾರಿ ಸರ್ಕಾರ ಇದಕ್ಕೆ ತಡೆ ಹಾಕಿತು. ಚುನಾವಣೆ ನಡೆದು ಒಂಬತ್ತನೇ ಸಂಸತ್ತು ಕೂತದ್ದೇ ತಡ, ಮರಳಿ ಬಂತು. ತಡೆಹಿಡಿಯುವುದರಿಂದ ಇದು ಸಾಯುವುದಿಲ್ಲ ಎಂದು ನಾವು ಹೇಳುವುದು ಈ ಅನುಭವದ ಆಧಾರದ ಮೇಲೆಯೇ.

2024ರ ಜೂನ್ ತಿಂಗಳನ್ನು ವಿಶೇಷವಾಗಿ ನೆನೆಯಬೇಕು. ಬೆಲೆಯೇರಿಕೆ ಶೇ 10ರ ಹತ್ತಿರ ಇತ್ತು. ಐಎಂಎಫ್‌ನಿಂದ 470 ಕೋಟಿ ಡಾಲರ್ ಸಾಲ ಒಪ್ಪಿಕೊಂಡ ದೇಶ, ತೆರಿಗೆ ವಿನಾಯಿತಿಗಳನ್ನು ಕಡಿಮೆ ಮಾಡುವ ಮಾತು ಕೊಟ್ಟಿತ್ತು. ಜೂನ್ 6ರಂದು ಬಜೆಟ್ ಮಂಡಿಸಿದ ಹಣಕಾಸು ಸಚಿವರು ಸಂಸದರ ಕಾರಿನ ಮೇಲೆ ಒಂದಿಷ್ಟು ಸುಂಕವಾದರೂ ಇರಲಿ ಎಂದು ಪ್ರಸ್ತಾವ ಇಟ್ಟರು. ಪೂರ್ತಿ ತೆರಿಗೆಯಲ್ಲ, ಅದರ ಒಂದು ಚಿಕ್ಕ ಪಾಲು. ತಿಂಗಳ ಕೊನೆಗೆ ಬಜೆಟ್ ಅಂಗೀಕಾರವಾಗುವ ಹೊತ್ತಿಗೆ ಆ ಚಿಕ್ಕ ಪಾಲೂ ಬಿದ್ದುಹೋಗಿತ್ತು. ಸಾಬೂನು, ಮೊಬೈಲ್ ಕರೆ, ಮಾತ್ರೆಗಳ ಮೇಲೆ ತೆರಿಗೆ ಕಟ್ಟುವ ಜನರ ಮುಂದೆ ಅವರ ಪ್ರತಿನಿಧಿಗಳು ತಮ್ಮ ಪಾಲು ಕೊಡಲು ಒಪ್ಪಲಿಲ್ಲ. ಸರ್ಕಾರಿ ನೌಕರಿಯ ಮೀಸಲಾತಿ ವಿಚಾರದಲ್ಲಿ ಢಾಕಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ರಸ್ತೆಗಿಳಿದದ್ದು ಜುಲೈ 1ರಂದು. ಕಾರಿನ ಸುಂಕಕ್ಕಾಗಿ ಅವರು ಇಳಿಯಲಿಲ್ಲ, ಹಾಗೆ ಹೇಳುವುದು ಸುಳ್ಳಾಗುತ್ತದೆ. ಆದರೆ ಅಧಿಕಾರ ಹಿಡಿದವರಿಗೊಂದು ನ್ಯಾಯ, ಡಿಗ್ರಿ ಹಿಡಿದು ಕೆಲಸವಿಲ್ಲದೆ ಅಲೆಯುವ ನಮಗೊಂದು ನ್ಯಾಯ ಎಂಬ ಸಿಟ್ಟು ಅವರ ಎದೆಯಲ್ಲಿತ್ತು. ನೂರಾರು ಎಳೆಯ ಜೀವಗಳು ಹೋದವು. ಆ ಸಿಟ್ಟನ್ನು ವರ್ಷಗಳಿಂದ ಕೂಡಿಹಾಕಿದ್ದು ಇಂಥ ಕಲಂಗಳೇ.

ಈ ರೋಗ ಬಾಂಗ್ಲಾದೇಶದ್ದೊಂದೇ ಅಲ್ಲ. ನೇಪಾಳದಲ್ಲಿ ಶೇರ್ ಬಹಾದುರ್ ದೇವುಬಾ 1990ರ ದಶಕದ ನಡುವೆ ಪ್ರಧಾನಿಯಾಗಿದ್ದಾಗ ಸಂಸದರಿಗೆ ಸುಂಕವಿಲ್ಲದೆ ವಾಹನ ತರಿಸುವ ಅವಕಾಶ ಸಿಕ್ಕಿತು. ಹೊಸದಾಗಿ ಬಂದ ಪ್ರಜಾಪ್ರಭುತ್ವದ ಮೇಲೆ ಜನ ಇಟ್ಟ ನಂಬಿಕೆ ಸವೆದದ್ದು ಹೇಗೆಂದು ಕಠ್ಮಂಡುವಿನವರನ್ನು ಕೇಳಿದರೆ ಇಂದಿಗೂ ‘ಪಜೇರೊ ಸಂಸ್ಕೃತಿ’ ಎಂಬ ಮಾತು ಬರುತ್ತದೆ. ಶ್ರೀಲಂಕಾದಲ್ಲಂತೂ ಇದು ಸಂಸದರಿಗೆ ನಿಲ್ಲಲಿಲ್ಲ. ಹಿರಿಯ ಅಧಿಕಾರಿಗಳು, ಸರ್ಕಾರಿ ವೈದ್ಯರು, ವಿಶ್ವವಿದ್ಯಾಲಯದ ಅಧ್ಯಾಪಕರವರೆಗೆ ಪರ್ಮಿಟ್ ವ್ಯವಸ್ಥೆ ಹರಡಿತು. ಪರ್ಮಿಟ್ಟನ್ನೇ ಕೈಗೆ ಕೈ ಮಾರುವುದು ಒಂದು ದಂಧೆಯಾಯಿತು. ಡಾಲರ್ ಉಳಿಸಲೆಂದು 2020ರ ಮಾರ್ಚ್‌ನಲ್ಲಿ ಆ ದೇಶ ವಾಹನ ಆಮದನ್ನೇ ನಿಲ್ಲಿಸಿತು. ಊರಿನ ಬಾಡಿಗೆ ಆಟೊದವನಿಗೆ ಹೊಸ ಗಾಡಿ ಇಲ್ಲ. ಆದರೆ 2021ರ ಮೇ ತಿಂಗಳಲ್ಲಿ, ಕೋವಿಡ್ ಹೆಣಗಳ ನಡುವೆ, ಸಂಸದರು ಮತ್ತಿತರರಿಗಾಗಿ 399 ವಾಹನ ತರಿಸುವ ಯೋಜನೆ ಹೊರಬಿತ್ತು. ಜನ ಕೆರಳಿದ ಮೇಲೆ ಅದು ನಿಂತಿತು. ವರ್ಷ ತುಂಬುವುದರೊಳಗೆ, 2022ರ ಏಪ್ರಿಲ್‌ನಲ್ಲಿ, ಸಾಲ ತೀರಿಸಲಾರೆವೆಂದು ಶ್ರೀಲಂಕಾ ಕೈಚೆಲ್ಲಿತು. ಈಗಿನ ಅಧ್ಯಕ್ಷ ಅನುರ ಕುಮಾರ ದಿಸ್ಸಾನಾಯಕೆ 2025ರ ಬಜೆಟ್‌ನಲ್ಲಿ ಸಂಸದರಿಗೆ ಪರ್ಮಿಟ್ ಇಲ್ಲವೆಂದು ಸಾರಿದರು, ಸರ್ಕಾರದ ದುಬಾರಿ ಕಾರುಗಳನ್ನು ಹರಾಜಿಗೆ ಹಾಕಿದರು. ಸ್ವಾಗತಾರ್ಹ. ಇದು ಒಬ್ಬ ಅಧ್ಯಕ್ಷನ ನಿರ್ಧಾರವಾಗಿ ಉಳಿಯದೆ ಮುಂದಿನ ಸರ್ಕಾರವನ್ನೂ ಕಟ್ಟಿಹಾಕುವ ಕಾನೂನಾಗಬೇಕು.

ವಿನಾಯಿತಿಯ ಪರ ವಹಿಸುವವರಿಗೂ ಒಂದು ವಾದವಿದೆ. ಹಳ್ಳಿಗಾಡಿನ ಕ್ಷೇತ್ರ, ಕೆಟ್ಟ ರಸ್ತೆ, ಮಳೆಗಾಲದ ನೆರೆ. ಗಟ್ಟಿ ಗಾಡಿಯಿಲ್ಲದೆ ಜನರ ಬಳಿಗೆ ಹೋಗುವುದು ಹೇಗೆ? ಸಂಸದರೆಲ್ಲ ಶ್ರೀಮಂತರಲ್ಲವಲ್ಲ? ಪ್ರಾಮಾಣಿಕ ಪ್ರಶ್ನೆಯಾದರೆ ಪ್ರಾಮಾಣಿಕ ಉತ್ತರವೂ ಇದೆ. ಕೆಲಸಕ್ಕೆ ಗಾಡಿ ಬೇಕಿದ್ದರೆ ಸರ್ಕಾರ ಕೊಡಲಿ. ಸರ್ಕಾರದ ಹೆಸರಿನಲ್ಲಿ, ಸರ್ಕಾರದ ನಂಬರ್ ಪ್ಲೇಟಿನಲ್ಲಿ, ಲಾಗ್ ಪುಸ್ತಕದ ಜೊತೆ. ಅವಧಿ ಮುಗಿದ ದಿನ ಕೀಲಿ ವಾಪಸು ಕೊಟ್ಟು ಹೋಗಲಿ. ಸಂಬಳ ಸಾಲದಿದ್ದರೆ ಸಂಬಳ ಹೆಚ್ಚಿಸಿಕೊಳ್ಳಲಿ, ಜನರ ಕಣ್ಣೆದುರು. ಐದು ವರ್ಷದ ಸೇವೆಗೆಂದು ಬಂದವನಿಗೆ ಜೀವನಪೂರ್ತಿ ಉಳಿಯುವ, ಮಾರಿದರೆ ಕೋಟಿ ಕೋಟಿ ತರುವ ಆಸ್ತಿ ಕೊಡುವುದಕ್ಕೆ ಕೆಟ್ಟ ರಸ್ತೆ ನೆಪವಾಗಲಾರದು. ಅಷ್ಟಕ್ಕೂ ಆ ರಸ್ತೆ ರಿಪೇರಿಯಾಗದಿರುವುದು ಬೊಕ್ಕಸದಲ್ಲಿ ದುಡ್ಡಿಲ್ಲದ್ದರಿಂದ. ಜಿಡಿಪಿಯ ಶೇ 8ಕ್ಕೂ ಕಡಿಮೆ ತೆರಿಗೆ ಸಂಗ್ರಹಿಸುವ ದೇಶ ಬಾಂಗ್ಲಾದೇಶ.

ನೆರೆಯ ಮಾತು ಬಂದದ್ದರಿಂದ ಇನ್ನೊಂದು ವಿಷಯ ಹೇಳಲೇಬೇಕು. 2024ರ ಆಗಸ್ಟ್ ಮೂರನೇ ವಾರ ಚಿತ್ತಗಾಂಗ್‌ನ ಪಕ್ಕದ ಫೆನಿ ಜಿಲ್ಲೆ ಮುಳುಗಿತು. ಢಾಕಾ–ಚಿತ್ತಗಾಂಗ್ ಹೆದ್ದಾರಿಯ ಮೇಲೇ ನೀರು ಹರಿದು ವಾಹನ ಸಂಚಾರ ನಿಂತಿತು. ಮನೆಯ ಮಾಡು ಹತ್ತಿ ಕುಳಿತವರಿಗೆ ಅನ್ನ ತಲುಪಿಸಲು ವಿದ್ಯಾರ್ಥಿಗಳು ಎಲ್ಲೆಲ್ಲಿಂದಲೋ ದೋಣಿ, ಟ್ರಕ್ಕು ಹೊಂದಿಸುತ್ತಿದ್ದರು. ಜೌಗು, ಕೆಸರು, ಹಳ್ಳಕೊಳ್ಳ ದಾಟಬಲ್ಲವೆಂದೇ ಹೆಸರಾದ ಲ್ಯಾಂಡ್ ಕ್ರೂಸರ್‌ಗಳು ಅದೇ ವಾರ ಅದೇ ಸೀಮೆಯ ಬಂದರಿನಲ್ಲಿ ಬೀಗ ಹಾಕಿಕೊಂಡು ನಿಂತಿದ್ದವು. ಅವು ಬಂದದ್ದು ಆ ಜನರಿಗಾಗಿ ಅಲ್ಲ.

ಹಾಗೆಂದು ಕಾರುಗಳು ಸರ್ಕಾರದ ಪಾಲಾದವು, ಇನ್ನು ನ್ಯಾಯ ಸಿಕ್ಕಿತು ಎಂದು ಸುಮ್ಮನಾಗುವಂತಿಲ್ಲ. ಅಲ್ಲಿನ ಅಧಿಕಾರಿ ವರ್ಗಕ್ಕೂ ಕಾರಿನ ಮೇಲೆ ಕಡಿಮೆ ಮೋಹವೇನಿಲ್ಲ. ಉಪಕಾರ್ಯದರ್ಶಿ ಮಟ್ಟದಿಂದ ಮೇಲಿನವರಿಗೆ ಕಾರು ಕೊಳ್ಳಲು 30 ಲಕ್ಷ ಟಾಕಾದವರೆಗೆ ಬಡ್ಡಿಯಿಲ್ಲದ ಸಾಲ, ಅದನ್ನು ಓಡಿಸಲು ತಿಂಗಳಿಗೆ 50,000 ಟಾಕಾ ಕೊಡುವ ಪದ್ಧತಿ ಬಂದಿತ್ತು. ಸಂಸದನ ಮೂಲ ವೇತನಕ್ಕೆ ಸಮೀಪದ ಮೊತ್ತ, ಕಾರಿನ ಪೆಟ್ರೋಲು–ಡ್ರೈವರ್‌ಗೆ. ಸಾಲದ ಕಾರು ಮನೆಯಲ್ಲಿಟ್ಟು ಯೋಜನೆಯ ಗಾಡಿಯಲ್ಲಿ ಕಚೇರಿಗೆ ಬರುವವರ ಬಗ್ಗೆ ಅಲ್ಲಿನ ಪತ್ರಿಕೆಗಳು ಬರೆದು ಬರೆದು ಸೋತಿವೆ. ಸಂಸದನಿಂದ ಕಿತ್ತುಕೊಂಡ ಲ್ಯಾಂಡ್ ಕ್ರೂಸರ್ ಕಾರ್ಯದರ್ಶಿಯ ಮನೆಯ ಪೋರ್ಟಿಕೋ ಸೇರಿದರೆ ಜನರಿಗೆ ಏನು ದಕ್ಕಿತು? ಆ 31 ಗಾಡಿಗಳು ಎಲ್ಲಿವೆ, ಯಾರ ಕೈಯಲ್ಲಿವೆ, ಎಷ್ಟು ಓಡಿವೆ ಎಂಬ ವಿವರ ತಿಂಗಳು ತಿಂಗಳು ಸಾರ್ವಜನಿಕವಾಗಬೇಕು. ಸುನಾಮ್‌ಗಂಜ್‌ನ ಜೌಗು ಸೀಮೆಯ ಆಸ್ಪತ್ರೆಗಳಿಗೆ, ಕರಾವಳಿಯ ಚಂಡಮಾರುತ ಪರಿಹಾರದ ಕೆಲಸಕ್ಕೆ ಅವು ಹೋಗುವುದು ನ್ಯಾಯ.

ಕರ್ನಾಟಕದ ಓದುಗರಿಗೆ ಇದು ದೂರದ ಸುದ್ದಿ ಅನ್ನಿಸಬಹುದು. ನಮ್ಮ ಶಾಸಕರಿಗೆ ಸುಂಕವಿಲ್ಲದ ವಿದೇಶಿ ಕಾರು ತರಿಸುವ ಕಾನೂನಿಲ್ಲ. ತಮ್ಮ ಸೌಲಭ್ಯವನ್ನು ತಾವೇ ನಿಗದಿ ಮಾಡಿಕೊಳ್ಳುವ ಪದ್ಧತಿ ಮಾತ್ರ ನಮ್ಮಲ್ಲೂ ಇದೆ. 2025ರ ಮಾರ್ಚ್‌ನಲ್ಲಿ ವಿಧಾನಸಭೆ ಗದ್ದಲದ ನಡುವೆ, ಚರ್ಚೆಯಿಲ್ಲದೆ, ಶಾಸಕರ ಮೂಲ ವೇತನವನ್ನು 40,000 ರೂಪಾಯಿಯಿಂದ 80,000ಕ್ಕೆ, ಮುಖ್ಯಮಂತ್ರಿಯದನ್ನು 75,000ದಿಂದ 1.5 ಲಕ್ಷಕ್ಕೆ ಏರಿಸಿಕೊಂಡಿತು. ಆ ರೀತಿಯೂ ಖಂಡನೀಯವೇ. ಆದರೂ ಒಂದು ವ್ಯತ್ಯಾಸವನ್ನು ಗುರುತಿಸಬೇಕು. ವೇತನ ಬಜೆಟ್ ಪುಸ್ತಕದಲ್ಲಿ ಅಂಕಿಯಾಗಿ ಅಚ್ಚಾಗುತ್ತದೆ, ಮರುದಿನ ಪತ್ರಿಕೆಯಲ್ಲಿ ಬರುತ್ತದೆ, ಚಹಾದಂಗಡಿಯಲ್ಲಿ ಚರ್ಚೆಯಾಗುತ್ತದೆ, ಮತ ಕೇಳಲು ಬಂದವನ ಮುಖಕ್ಕೆ ಹಿಡಿಯಬಹುದು. ಸುಂಕ ಮಾಫಿ ಹಾಗಲ್ಲ. ಬೊಕ್ಕಸದಿಂದ ಹಣ ಹೊರಗೆ ಹೋಗುವುದಿಲ್ಲ, ಬರಬೇಕಾದದ್ದು ಬರುವುದಿಲ್ಲ ಅಷ್ಟೆ. ಹಾಗಾಗಿ ಯಾವ ಖರ್ಚಿನ ಬಾಬತ್ತಿನಲ್ಲೂ ಕಾಣುವುದಿಲ್ಲ. ಚಿತ್ತಗಾಂಗ್‌ನ ಕಾರುಗಳು ಬಂದರಿನಲ್ಲಿ ಸಿಕ್ಕಿಹಾಕಿಕೊಳ್ಳದಿದ್ದರೆ 270 ಕೋಟಿ ಎಂಬ ಅಂಕಿಯನ್ನು ಬಾಂಗ್ಲಾದೇಶದ ಪ್ರಜೆ ಎಂದೂ ಕೇಳುತ್ತಿರಲಿಲ್ಲ. ಬಚ್ಚಿಟ್ಟುಕೊಂಡು ತಿನ್ನುವ ಈ ಗುಣವೇ ಎಲ್ಲಕ್ಕಿಂತ ಕೆಟ್ಟದ್ದು. ಪ್ರಜಾಪ್ರತಿನಿಧಿಗೆ ಏನು ಕೊಟ್ಟರೂ ಅದಕ್ಕೆ ರಸೀದಿ ಇರಬೇಕು.

ಬಾಂಗ್ಲಾದೇಶದಲ್ಲಿ, ನಮ್ಮ ಪಕ್ಷದವರು ಈ ಸುಂಕ ಮಾಫಿ ಪಡೆಯುವುದಿಲ್ಲ ಎಂಬ ಘೋಷಣೆ ಯಾರಿಂದ ಬಂದರೂ ಒಳ್ಳೆಯದೇ. ಆದರೆ ಒಬ್ಬರು ಬೇಡವೆಂದರೆ ಇನ್ನೊಬ್ಬರಿಗೆ ಹಕ್ಕು ಉಳಿದೇ ಇರುತ್ತದೆ. ಈ ಅವಧಿಯಲ್ಲಿ ಬಿಟ್ಟವರು ಮುಂದಿನ ಅವಧಿಯಲ್ಲಿ ಕೇಳಬಹುದು. 1973ರ ಆದೇಶದಲ್ಲಿ ಇಂಥ ಕಲಮಿಗೆ ಜಾಗವೇ ಇರಕೂಡದು. ಹಾಲಿ ಸದಸ್ಯರು ತಮ್ಮದೇ ಅವಧಿಗೆ ಯಾವುದೇ ತೆರಿಗೆ ವಿನಾಯಿತಿ ಬರೆದುಕೊಳ್ಳುವುದನ್ನು ಕಾನೂನು ನಿಷೇಧಿಸಬೇಕು. ಅಷ್ಟು ಅಗತ್ಯವೆನಿಸಿದ್ದು ಮುಂದಿನ ಚುನಾವಣೆಯ ನಂತರ ಜಾರಿಗೆ ಬರಲಿ, ಮತದಾರನಿಗೆ ಮೊದಲೇ ಗೊತ್ತಿರಲಿ. 1980ರ ದಶಕದಿಂದ ಇಲ್ಲಿಯವರೆಗೆ ಯಾವ ಯಾವ ಸಂಸದರು ಯಾವ ಕಾರು ತರಿಸಿದರು, ಒಬ್ಬೊಬ್ಬರಿಗೂ ಮಾಫಿಯಾದ ತೆರಿಗೆ ಎಷ್ಟು, ಆ ಕಾರು ಇಂದು ಯಾರ ಹೆಸರಿನಲ್ಲಿದೆ ಎಂಬ ಪಟ್ಟಿ ಕಂದಾಯ ಮಂಡಳಿ ಮತ್ತು ವಾಹನ ನೋಂದಣಿ ಕಚೇರಿಯ ಕಡತಗಳಲ್ಲೇ ಇರಬೇಕು. ಅದು ಪಕ್ಷಭೇದವಿಲ್ಲದೆ ಪ್ರಕಟವಾಗಲಿ. ಷರತ್ತು ಮುರಿದು ಮಾರಿದವರಿಂದ, ಅವರು ಅಧಿಕಾರದಲ್ಲಿರಲಿ, ಜೈಲಿನಲ್ಲಿರಲಿ, ಪೂರ್ತಿ ತೆರಿಗೆಯನ್ನು ಬಡ್ಡಿ ಸಹಿತ ವಸೂಲು ಮಾಡಬೇಕು.